ಮರೆಗುಳಿ ಕ್ಯಾಮೆರಾದಲ್ಲಿ ನಮ್ಮತ್ತೆ

"ಎಂಟು ದಿನದಾಗ ಅತ್ತಿ ಫೋಟೋ ತಗದು, ದೊಡ್ಡದು ಮಾಡಿಸಿ, ಫ್ರೇಮ್ ಹಾಕಿಸಿ ಈ ಪಡಸಾಲ್ಯಾಗ ತಂದು ನಿಂದರಸಲಿಲ್ಲಂದ್ರ, ನನ್ನ ಹೆಸರು ಏಕಾಂತಪ್ಪ ಅಲ್ಲ!"

ಹೀಗೆಂದು ನಾನು ಘೋರ ಪ್ರತಿಜ್ಞೆ ಮಾಡಿದಾಗ ನನ್ನ ಬಲಗೈಯಲ್ಲಿ ಅರ್ಧ ತಿಂದ ರೊಟ್ಟಿಯಿತ್ತು, ಎಡಗೈ ಆಕಾಶದ ಕಡೆಗಿತ್ತು. ಹೆಂಡತಿ ವಾಣಿಶ್ರೀ ಎರಡೂ ಕೈಗಳನ್ನು ನೋಡಿದಳು.

"ಹೆಸರು ಬದಲಿ ಮಾಡಾದಾದ್ರ ಆಧಾರ್ ತಿದ್ದಸಬೇಕಾಗ್ತೈತ್ರಿ. ಅಲ್ಲಿ ಬಾಳ ಗದ್ದಲ ಇರ್ತೈತಿ, ನಾಳೇನ ಹೋಗಿ ಪಾಳಿ ಹಚ್ಚಿ ಬರ್ರಿ" ಎಂದು ಇನ್ನೊಂದು ರೊಟ್ಟಿ ಹಾಕಿದಳು.

ಕೊಟ್ಟೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನಿಗೆ ಫೋಟೋದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಸ್ವಾಮಿ, ಇಪ್ಪತ್ತೆರಡು ವರ್ಷದಿಂದ ಬೀಜದ ಪಾಕೀಟಿನ ಮೇಲಿನ ಬದನೆಕಾಯಿ, ಟೊಮೇಟೊ, ಹಾಗಲಕಾಯಿಗಳ ಬಣ್ಣದ ಚಿತ್ರಗಳನ್ನು ದಿನಾ ಹತ್ತು ತಾಸು ನೋಡುತ್ತ ಕೂತವನು ನಾನು. ಛಾಯಾಗ್ರಹಣದ ಮರ್ಮ ನನಗೆ ತಿಳಿಯದೆ ಇನ್ಯಾರಿಗೆ ತಿಳಿದೀತು? ಆದರೆ ಬದನೆಕಾಯಿ ಸುಮ್ಮನೆ ಕೂಡುತ್ತದೆ. ನಮ್ಮತ್ತೆ ಕೂಡುವುದಿಲ್ಲ. ಕಷ್ಟವಿದ್ದದ್ದು ಅಲ್ಲಿ.

ನಮ್ಮತ್ತೆ ದಾಕ್ಷಾಯಣಮ್ಮನಿಗೆ ಈಗ ಎಂಬತ್ತು. ಅವಳು ಬರೀ ಹೆಂಡತಿಯ ತಾಯಿಯಲ್ಲ, ನನ್ನಪ್ಪನ ಖಾಸಾ ಅಕ್ಕ. ನನ್ನನ್ನು ಎತ್ತಿ ಆಡಿಸಿದವಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಕರೆದುಕೊಂಡು ತವರಿಗೆ ಬಂದಳು, ಆ ಮಗಳನ್ನೇ ನನಗೆ ಕೊಟ್ಟಳು. ಬೇರೆ ಅಳಿಯಂದಿರಿಗೆ ಸಿಗುವ "ಬರ್ರಿ, ಕುಂದರ್ರಿ" ಎಂಬ ಮರ್ಯಾದೆ ನನ್ನ ಹಣೆಯಲ್ಲಿ ಬರೆದಿಲ್ಲ. ನಾನೇನಾದರೂ ದನಿ ಏರಿಸಿದರೆ, "ಲೇ ಏಕಾಂತ, ಇದು ನಾನು ಹುಟ್ಟಿದ ಮನಿ. ನೀನು ಆಮ್ಯಾಲೆ ಬಂದಾವ" ಎಂದು ಒಂದೇ ಏಟಿಗೆ ಕೂಡಿಸಿಬಿಡುತ್ತಾಳೆ.

ಇಂಥ ಧೀರೆಗೆ ಜಗತ್ತಿನಲ್ಲಿ ಒಂದೇ ಒಂದು ಭಯ. ಫೋಟೋ! ನಮ್ಮ ಪಡಸಾಲೆಯ ಗೋಡೆಯ ಮೇಲಿರುವವರೆಲ್ಲ ಹೋದವರೇ. ಅಜ್ಜ, ಅಜ್ಜಿ, ನನ್ನಪ್ಪ, ನನ್ನವ್ವ. ಇದ್ದವರ ಫೋಟೋಕ್ಕೆ ಅಲ್ಲಿ ಜಾಗವಿಲ್ಲ. ಅದರ ಮೇಲೆ ಈ ಮೊಬೈಲು ಬೇರೆ ಬಂತು. ಹೋದ ವರ್ಷ ನಮ್ಮ ಓಣಿಯ ಗುರುಬಸಮ್ಮಜ್ಜಿಯನ್ನು ಒಂದು ಮದುವೆಯಲ್ಲಿ ಯಾರೋ ಫೋನಿನಲ್ಲಿ ಹಿಡಿದರು. ಮೂರೇ ತಿಂಗಳಿಗೆ ಅದೇ ಫೋಟೋ ಎಲ್ಲರ ಸ್ಟೇಟಸ್ಸಿನಲ್ಲಿ, ಕೆಳಗೆ ಎರಡು ಕೈಮುಗಿದ ಗುರುತು. ಅವತ್ತಿನಿಂದ ಅತ್ತೆಯ ಸಿದ್ಧಾಂತ ಗಟ್ಟಿಯಾಯಿತು: "ಸ್ಟೇಟಸ್ಸಿಗೆ ಹ್ವಾದ ಮುದುಕ್ಯಾರು ಯಾರೂ ಹೊಳ್ಳಿ ಬಂದಿಲ್ಲಪಾ." ಯಾರಾದರೂ ಮೊಬೈಲು ಎತ್ತಿದರೆ ಸಾಕು, ಸೆರಗನ್ನು ಗದ್ದದವರೆಗೆ ಎಳೆದು ಅಡಿಗೆಮನೆ ಸೇರುತ್ತಾಳೆ. ಅವಳದ್ದೆಂದು ಈ ಭೂಮಿಯ ಮೇಲಿರುವುದು ಆಧಾರ್ ಕಾರ್ಡಿನ ಚಿತ್ರ ಮಾತ್ರ. ಅದರಲ್ಲಿ ಕೋಳಿ ಕದ್ದು ಸಿಕ್ಕಿಬಿದ್ದವಳಂತೆ ಕಾಣುತ್ತಾಳೆ.

ಇದೆಲ್ಲ ನಗುವ ಮಾತೇ. ಆದರೆ ವಾಣಿಶ್ರೀಗೆ ನಗು ಬರುತ್ತಿರಲಿಲ್ಲ. ಅವಳ ಅಪ್ಪ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಆ ಪುಣ್ಯಾತ್ಮನದು ಒಂದೂ ಫೋಟೋ ಇಲ್ಲ. ನಮ್ಮ ಗೋಡೆಯಲ್ಲಿ ಅವನಿಗೆಂದು ಬಡಿದ ಮೊಳೆ ಇಂದಿಗೂ ಬರಿದಾಗಿದೆ. ಒಂದು ದಿನ ಆ ಮೊಳೆಯನ್ನು ಒರೆಸುತ್ತಿದ್ದವಳು ನನಗೆ ಬೆನ್ನು ಮಾಡಿಕೊಂಡೇ ಹೇಳಿದಳು:

"ಅಪ್ಪನ್ನ ನೆನಸಿಕೊಂಡ್ರ ಈಗ ಬರೇ ತಲಿಗೆ ಸುತ್ತಿದ ಪಟಗ ಕಾಣ್ತೈತ್ರಿ. ಮುಖ ಕಾಣವಲ್ದು. ಅವ್ವಂದರ ಒಂದು ಇರಲಿ. ನಕ್ಕಿದ್ದು."

ನನ್ನ ಪ್ರತಿಜ್ಞೆ ಹುಟ್ಟಿದ್ದು ಆ ಮಾತಿನಿಂದ. ನನ್ನ ಹೆಂಡತಿ ಇಷ್ಟು ವರ್ಷದಲ್ಲಿ ನನ್ನನ್ನು ಏನೂ ಕೇಳಿದವಳಲ್ಲ. ಕೇಳಿದ್ದರೂ ನಾನು ಕೊಟ್ಟಿರುತ್ತಿರಲಿಲ್ಲ ಎಂಬುದು ಬೇರೆ ಮಾತು. ಅತ್ತೆಯ ಜೊತೆ ಮಾತುಕತೆಗೆ ಕೂತೆ. ಒಂದು ತಾಸಿನ ವಾದವಿವಾದದ ನಂತರ ಅವಳೊಂದು ಷರತ್ತು ಹಾಕಿದಳು.

"ಫೋನ್ ಹಿಡದ್ರ ಒಡದು ಹಾಕ್ತೀನಿ. ಮದಲಿನಂತಾ ಕ್ಯಾಮೆರಾ ತಗೊಂಡು ಬಾ, ಟಕ್ ಅಂತ ಬೆಳಕು ಬೀಳಬೇಕು. ಅದರಾಗಿಂದು ಸ್ಟೇಟಸ್ಸಿಗೆ ಹೋಗಂಗಿಲ್ಲ ಹೌದಿಲ್ಲ?"

"ಹೋಗೋದs ಇಲ್ಲ ಅತ್ತಿ! ನನ್ನ ಆಣಿ!" ಎಂದೆ. ಈ ಆಣೆಯನ್ನು ನೀವು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ಈಗ ಸಣ್ಣ ಕ್ಯಾಮೆರಾಗಳನ್ನು ಮಾರುವ ಅಂಗಡಿಗಳೇ ಇಲ್ಲ. ಆದರೆ ಕೂಡ್ಲಿಗಿಯಲ್ಲಿ ಮುರ್ತುಜಾಸಾಬ ಇದ್ದಾನೆ. ಬಸ್‌ಸ್ಟ್ಯಾಂಡಿನ ಹಿಂದೆ ವಾಚು, ರೇಡಿಯೋ, ಟೇಪು ರಿಪೇರಿ ಅಂಗಡಿ. ಜಗತ್ತು ಮರೆತುಬಿಟ್ಟ ಸಾಮಾನುಗಳೆಲ್ಲ ಅಲ್ಲಿ ಜೀವಂತ ಇರುತ್ತವೆ. ನನ್ನ ಮಾತು ಕೇಳಿ ಅವನು ಟ್ರಂಕಿನೊಳಗಿಂದ ಮಖಮಲ್ಲಿನ ತುಂಡೊಂದನ್ನು ತೆಗೆದು, ಬಿಚ್ಚಿ, ಒಂದು ಬೆಳ್ಳಿ ಬಣ್ಣದ ಪುಟ್ಟ ಕ್ಯಾಮೆರಾವನ್ನು ನನ್ನ ಅಂಗೈಯಲ್ಲಿಟ್ಟ. ಸಾಬೂನಿಗಿಂತ ಸ್ವಲ್ಪ ದಪ್ಪ. ಸೆಲ್ಲಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು.

"ನಮ್ಮ ಮಗಳು ಗೌಸಿಯಾನ ಶಾದಿ ಪೂರಾ ಇದರಾಗs ತಗದೀನ್ರಿ ಏಕಾಂತಪ್ಪಣ್ಣಾರ. ಮಗಳನ್ನ ಕೊಟ್ಟಂಗ ಕೊಡಾಕತ್ತೀನಿ. ಇದರ ಗುಣ ಎರಡು ಅದಾವು, ಕೇಳ್ಕೋರಿ. ಚಾಲೂ ಮಾಡಿದ ಕೂಡಲೇ ಮೂತಿ ಹೊರಗ ಬರಂಗಿಲ್ಲ. ಬೆನ್ನಮ್ಯಾಲೆ ಎರಡು ಪೆಟ್ಟು ಕೊಡ್ರಿ. ಎರಡs ಮತ್ತ! ಮೂರು ಕೊಟ್ರ ಸಿಟ್ಟಿಗೇಳ್ತೈತಿ."

"ಆತು. ಎರಡನೇ ಗುಣ?"

"ಸೆಲ್ ತಗದ್ರ ಇದಕ್ಕ ಮರವು ಬರ್ತೈತ್ರಿ. ಇವತ್ತು ಯಾವ ದಿನ ಅಂತ ಗೊತ್ತಾಗಂಗಿಲ್ಲ. ಎರಡು ಸಾವಿರದ ಒಂಬತ್ತು, ಜನವರಿ ಒಂದು ಅಂತೈತಿ. ಫೋಟೋದ ಮೂಲ್ಯಾಗ ಅದs ಬೀಳ್ತೈತಿ. ಸೆಲ್ ಹಾಕಿದಾಗೊಮ್ಮೆ ತಾರೀಖು ಕೂಡಸಬೇಕ್ರಿ. ಬರ್ರಿ, ತೋರಸ್ತೀನಿ."

"ತಾರೀಖು ಯಾರು ನೋಡ್ತಾರ ಸಾಬ? ಮುಖ ನೋಡ್ತಾರ, ಮುಖ!" ಎಂದು ನಾನು ಜ್ಞಾನಿಯಂತೆ ನಕ್ಕೆ. ಕ್ಯಾಮೆರಾ ಜೇಬಿಗಿಳಿಸಿ ಬಸ್ಸು ಹತ್ತಿದೆ. ಮುರ್ತುಜಾಸಾಬ ಕಿಟಕಿಯವರೆಗೆ ಬಂದು, "ಎರಡs ಪೆಟ್ಟು!" ಎಂದು ಬೆರಳು ತೋರಿಸುತ್ತಲೇ ಇದ್ದ.

ಮರುದಿನ ಮಧ್ಯಾಹ್ನ ಚಿತ್ರೀಕರಣ. ಅತ್ತೆ ಹಸಿರು ಇಳಕಲ್ ಸೀರೆ ಉಟ್ಟು, ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿಕೊಂಡು ಹಿತ್ತಲಿನ ಕಟ್ಟೆಯ ಮೇಲೆ ಕೂತಳು. ಹೊಸ ಸೆಲ್ ಹಾಕಿದೆ. ಎರಡು ಪೆಟ್ಟು ಕೊಟ್ಟೆ. 'ಕೊಂಯ್' ಎಂದು ಮೂತಿ ಹೊರಗೆ ಬಂತು. ಅತ್ತೆ ಬೆಚ್ಚಿಬಿದ್ದಳು.

"ಅದು ಯಾಕ ನನ್ನ ಕಡೆ ಮೂತಿ ಚಾಚ್ತೈತಲೇ?"

"ಅದು ನಿನ್ನ ಚಂದ ನೋಡ್ತೈತಿ ಅತ್ತಿ. ನಗು."

"ನಗು ಅಂದ್ರ ಹೆಂಗ ನಗ್ಲಿ? ನಗುವಂತಾದ್ದು ಏನಾಗೈತಿ?"

ಮೊದಲನೆಯ ಫೋಟೋದಲ್ಲಿ ನನ್ನ ಹೆಬ್ಬೆರಳು ಬಂತು. ಎರಡನೆಯದರಲ್ಲಿ ಅತ್ತೆಯ ವಿಭೂತಿ ಮತ್ತು ಅದರ ಮೇಲಿನ ಆಕಾಶ ಬಂದವು. ಮೂರನೆಯದರಲ್ಲಿ ಅತ್ತೆ ಪೂರ್ತಿ ಬಂದಳು, ಕಣ್ಣು ಮುಚ್ಚಿಕೊಂಡು. ನಾಲ್ಕನೆಯದಕ್ಕೆ ಬೆಳಕು ಬಿದ್ದಾಗ "ಅಯ್ಯಯ್ಯಪ್ಪಾ, ಮಿಂಚು!" ಎಂದು ಎದ್ದೇ ಬಿಟ್ಟಳು. ಹೀಗೆ ಹದಿನೇಳು ಫೋಟೋ. ಎಲ್ಲದರಲ್ಲೂ ಆಧಾರ್ ಕಾರ್ಡಿನ ಕೋಳಿ ಕಳ್ಳಿಯೇ. ಅಡಿಗೆಮನೆಯ ಬಾಗಿಲಲ್ಲಿ ನಿಂತ ವಾಣಿಶ್ರೀಯ ಮುಖ ಸಣ್ಣದಾಗುತ್ತಾ ಬಂತು.

"ಬಿಡ್ರಿ. ಅವ್ವಗ ಸಾಕಾಗೈತಿ" ಎಂದಳು.

"ಏಕಾಂತಪ್ಪ ಬಿಡೋ ಮನಷ್ಯಾ ಅಲ್ಲ! ಸ್ವಲ್ಪ ದೂರದಿಂದ ತಗದ್ರ ಬರ್ತೈತಿ" ಎಂದು ನಾನು ಒಂದು ಹೆಜ್ಜೆ ಹಿಂದೆ ಹೋದೆ. ಇನ್ನೊಂದು ಹೋದೆ. ಮೂರನೆಯ ಹೆಜ್ಜೆಗೆ ಭೂಮಿ ಇರಲಿಲ್ಲ. ಸಂಜೆ ಮಿರ್ಚಿ ಬಜ್ಜಿಗೆಂದು ವಾಣಿಶ್ರೀ ಕಡ್ಲಿಹಿಟ್ಟು ಕಲಸಿ ಬೋಗಾಣಿಯನ್ನು ಮೆಟ್ಟಿಲ ಮೇಲೆ ಇಟ್ಟಿದ್ದಳು. ನಾನು ಅದರಲ್ಲಿ ಸರಿಯಾಗಿ ಕೂತೆ! ಅಳತೆ ತೆಗೆದು ಮಾಡಿಸಿದ್ದರೂ ಅಷ್ಟು ಸರಿಯಾಗಿ ಹೊಂದುತ್ತಿರಲಿಲ್ಲ.

ಅತ್ತೆ ಕತ್ತು ಚಾಚಿ ಬೋಗಾಣಿ ನೋಡಿದಳು. ಆಮೇಲೆ ಕೂಗಿದಳು:

"ಏ ವಾಣೀ! ಎಣ್ಣಿ ಕಾಸs! ದೊಡ್ಡ ಮಿರ್ಚಿ ಬಂದೈತಿ!"

ಎಂದವಳೇ ನಕ್ಕಳು. ಏನು ನಗು ಅಂತೀರಿ! ಉಳಿದ ಐದು ಹಲ್ಲುಗಳೂ ಹೊರಗೆ ಬಂದವು. ಕಣ್ಣು ಸಣ್ಣಗಾದವು, ಸೆರಗು ಜಾರಿತು. ವಾಣಿಶ್ರೀ ಓಡಿ ಬಂದು, ನನ್ನನ್ನು ಎಬ್ಬಿಸಲಾರದೆ ಅವ್ವನ ಭುಜ ಹಿಡಿದುಕೊಂಡು ತಾನೂ ನಗತೊಡಗಿದಳು. ಬಿದ್ದ ರಭಸಕ್ಕೆ ನನ್ನ ಬೆರಳು ಗುಂಡಿಯನ್ನು ಒತ್ತಿತ್ತು. ಟಕ್!

ಹಿಟ್ಟಿನ ಕೈಯನ್ನು ಅಂಗಿಗೆ ಒರೆಸಿಕೊಂಡು ಪುಟ್ಟ ಪರದೆಯಲ್ಲಿ ನೋಡಿದೆ. ತಾಯಿ, ಮಗಳು, ಇಬ್ಬರೂ ನಗುತ್ತಿದ್ದಾರೆ! ಸ್ವಲ್ಪ ಓರೆಯಾಗಿದೆ, ಆದರೆ ನಗು ನೆಟ್ಟಗಿದೆ. ವಾಣಿಶ್ರೀ ಅದನ್ನು ಎರಡು ಸಲ ನೋಡಿದಳು. ಹಿಟ್ಟು ಮೆತ್ತಿದ ನನ್ನ ಅಂಗಿಯನ್ನು ತಾನೇ ತೊಳೆಯಲು ತೆಗೆದುಕೊಂಡು ಹೋದಳು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತು ಈ ತಪ್ಪೊಪ್ಪಿಗೆ ಬರೆಯಬೇಕಿರಲಿಲ್ಲ. ಆದರೆ ಪ್ರತಿಜ್ಞೆಯಲ್ಲಿ 'ಫ್ರೇಮ್' ಎಂಬ ಶಬ್ದವಿತ್ತಲ್ಲ! ಕೊಟ್ಟೂರಿನಲ್ಲಿ ಮಾಡಿಸಿದರೆ ಸುದ್ದಿ ನನಗಿಂತ ಮೊದಲು ಮನೆ ಸೇರುತ್ತದೆ. ಆದ್ದರಿಂದ ಕ್ಯಾಮೆರಾದ ಕಾರ್ಡು ತೆಗೆದುಕೊಂಡು ಹಗರಿಬೊಮ್ಮನಹಳ್ಳಿಗೆ ಹೋದೆ. ಹೋಗುವಾಗ ಓಣಿಯ ತುಂಬ, "ಸಂಜಿಕ ಎಲ್ಲಾರೂ ನಮ್ಮನಿಗೆ ಬರ್ರಿ, ಒಂದು ವಿಶೇಷ ಐತಿ" ಎಂದು ಸಾರಿ ಹೋದೆ. ಫೋನನ್ನು ಸೈಲೆಂಟಿನಲ್ಲಿಟ್ಟೆ. ಹೆಂಡತಿ ಫೋನು ಮಾಡಿದರೆ ಖುಷಿಯಲ್ಲಿ ಗುಟ್ಟು ಒದರಿಬಿಟ್ಟೇನು ಎಂಬ ಭಯ.

ಸ್ಟುಡಿಯೋದ ಅರುಣಕುಮಾರ್ ಬಹಳ ಸಭ್ಯ ಹುಡುಗ. ಬಸ್ಸಿನ ಕಿಟಕಿಯ ಧೂಳಿಗೆ ನನ್ನ ಕಣ್ಣು ಕೆಂಪಗಾಗಿ ನೀರಿಳಿಯುತ್ತಿತ್ತು. ಕರವಸ್ತ್ರದಿಂದ ಒರೆಸಿಕೊಳ್ಳುತ್ತಾ, "ನಮ್ಮತ್ತಿದು. ಒಬ್ಬಾಕಿದs ದೊಡ್ಡದು ಮಾಡಿ, ಫ್ರೇಮ್ ಹಾಕಿ ಕೊಡ್ರಿ. ಗೋಡಿಗೆ ಹಾಕೋ ಹಿರಿಯರ ಫೋಟೋ ಹೆಂಗಿರ್ತಾವು, ಹಂಗ ಬರಬೇಕು" ಎಂದೆ.

ಅವನು ಕಂಪ್ಯೂಟರಿನಲ್ಲಿ ಅತ್ತೆಯನ್ನು ನೋಡಿ, ನನ್ನ ಕಣ್ಣನ್ನು ನೋಡಿ, ಎದ್ದು ನಿಂತ. ಚಹಾ ತರಿಸಿದ.

"ನಕ್ಕೋಂತ ಅದಾರ ನೋಡ್ರಿ. ಪುಣ್ಯವಂತ್ರು. ಸಮಾಧಾನ ಮಾಡ್ಕೋರಿ ಅಣ್ಣಾರ."

"ಎಷ್ಟೊತ್ತಾದ್ರೂ ಸಮಾಧಾನದಿಂದ ಕಾಯ್ತೀನಪಾ."

"ಹೆಸರು ಹೇಳ್ರಿ. ಹುಟ್ಟಿದ ತಾರೀಖು?"

ಹೆಸರು ಹೇಳಿದೆ. ಹುಟ್ಟಿದ ತಾರೀಖು ಆಧಾರ್ ಪ್ರಕಾರ ಒಂದು ಜನವರಿ ಸಾವಿರದ ಒಂಬೈನೂರ ನಲವತ್ತೈದು. ನಮ್ಮ ಕಡೆ ಮುದುಕರೆಲ್ಲ ಜನವರಿ ಒಂದರಂದೇ ಹುಟ್ಟಿದವರು! ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಸರಕಾರ ಅದೇ ದಿನವನ್ನು ದಯಪಾಲಿಸಿದೆ.

ಅರುಣಕುಮಾರ್ ಸ್ವಲ್ಪ ತಡವರಿಸಿದ. ದನಿ ಇಳಿಸಿದ. "ಇನ್ನೊಂದು ತಾರೀಖು... ಅದನ್ನೂ ಹಾಕಬೇಕಲ್ರಿ ಕೆಳಗ..."

ನಮ್ಮ ಕಡೆ ದುಃಖದಲ್ಲಿದ್ದವರ ಮುಂದೆ ಆ ಮಾತನ್ನು ಬಾಯಿಬಿಟ್ಟು ಕೇಳುವುದಿಲ್ಲ. ಆ ಹುಡುಗ ಸಂಸ್ಕಾರವಂತ, ಕೇಳಲಿಲ್ಲ. ನಾನು ಬುದ್ಧಿವಂತ, ತಿಳಿಯಲಿಲ್ಲ! ಫೋಟೋ ತೆಗೆದ ತಾರೀಖು ಕೇಳುತ್ತಿದ್ದಾನೆಂದುಕೊಂಡು, "ಅದು ಫೋಟೋದ ಮೂಲ್ಯಾಗ ಬಿದ್ದಿರ್ತೈತಿ ನೋಡು, ಅದನ್ನs ಹಾಕು" ಎಂದು ಗತ್ತಿನಿಂದ ಹೇಳಿ, ಊರಿನಲ್ಲಿ ಎರಡು ತಾಸು ಅಡ್ಡಾಡಿ ಬಂದೆ. ಫ್ರೇಮನ್ನು ಅವನು ಪೇಪರಿನಲ್ಲಿ ಸುತ್ತಿ, ಹಗ್ಗ ಬಿಗಿದು ಇಟ್ಟಿದ್ದ. ಎರಡೂ ಕೈಯಿಂದ ಕೊಟ್ಟು ತಲೆ ಬಾಗಿಸಿದ. ಗಿರಾಕಿಗಳಿಗೆ ಇಷ್ಟು ಮರ್ಯಾದೆ ಕೊಡುವ ಅಂಗಡಿಯನ್ನು ನಾನು ಈ ಸೀಮೆಯಲ್ಲೇ ಕಂಡಿರಲಿಲ್ಲ.

ಕೊಟ್ಟೂರಿನಲ್ಲಿ ಇಳಿದು ಓಣಿ ಹೊಕ್ಕರೆ, ನನ್ನ ಮನೆಯ ಮುಂದೆ ಜನವೋ ಜನ! ಎದೆ ಉಬ್ಬಿತು. ನಾಲ್ಕು ಜನರನ್ನು ಕರೆದರೆ ನಲವತ್ತು ಜನ ಬಂದಿದ್ದಾರೆ! ಭಜನಿ ಮೇಳದವರೂ ಹಾರ್ಮೋನಿಯಂ ಸಮೇತ ಕಟ್ಟೆಯ ಮೇಲೆ ಕೂತಿದ್ದರು. ಹರಪನಹಳ್ಳಿಯಿಂದ ಅತ್ತೆಯ ತಂಗಿ ಮಗ ಮಂಜಣ್ಣ ಕೂಡ ಬಂದಿದ್ದ. ಕೈಯಲ್ಲಿ ಮೊಳಕಾಲುದ್ದದ ಚೆಂಡುಹೂವಿನ ಹಾರ. ನನ್ನ ಸಾಧನೆಗೆ ಹರಪನಹಳ್ಳಿಯಿಂದ ಹಾರ! ಕಣ್ಣು ತುಂಬಿ ಬಂತು. ನಾನು ನೇರವಾಗಿ ಮಂಜಣ್ಣನ ಮುಂದೆ ಹೋಗಿ ವಿನಯದಿಂದ ಕತ್ತು ಬಾಗಿಸಿ ನಿಂತೆ.

ಹಾರ ಬೀಳಲಿಲ್ಲ.

"ಭಾವಾ, ಇದು ನಿಮಿಗಲ್ಲ" ಎಂದ ಮಂಜಣ್ಣ. ಅವನ ಕಣ್ಣು ಅತ್ತು ಅತ್ತು ಬಾತಿದ್ದವು, ಆದರೆ ಮುಖದ ತುಂಬ ಗೊಂದಲ.

"ಮತ್ತ್ಯಾರಿಗೆ?"

"ದೊಡ್ಡವ್ವನಿಗೆ ಅಂತ ತಂದಿದ್ದೆ. ಇಲ್ಲಿ ಬಂದ್ ನೋಡಿದ್ರೆ ದೊಡ್ಡವ್ವನೇ ಬಾಗ್ಲು ತೆಗೀತು! 'ಯಾರು ಹೋದ್ರಲೇ ಮಂಜಾ, ಯಾಕೆ ಅಳ್ತಿ' ಅಂತ ಕೇಳ್ತು. ನಾನು ಏನಂತ ಹೇಳ್ಲಿ ಭಾವಾ? 'ನೀನೇ' ಅಂದೆ."

ಒಳಗಿಂದ ದನಿ ಬಂತು. "ಬಂದಾನೇನು ನನ್ನ ಕೊಂದಾವ? ಒಳಗ ಕಳಸ್ರಿ."

ಪಡಸಾಲೆಯ ನಡುವೆ ಮಂಚದ ಮೇಲೆ ಅತ್ತೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಅದಕ್ಕೆ ಪಕ್ಕದ ಮನೆಯ ಭರಮಮ್ಮ ದೊಡ್ಡ ಪಾತ್ರೆಯ ತುಂಬ ಉಪ್ಪಿಟ್ಟು ಮಾಡಿಕೊಂಡು ಅಳುತ್ತಾ ಬಂದಿದ್ದಳು. ಅತ್ತೆ ಅದನ್ನೇ ತಾಟಿನಲ್ಲಿ ಹಾಕಿಸಿಕೊಂಡು ತಿನ್ನುತ್ತಿದ್ದಳು.

"ನನ್ನ ಮಣ್ಣಿನ ಉಪ್ಪಿಟ್ಟು ನಾನs ತಿನ್ನಾಕತ್ತೀನಿ ನೋಡಲೇ ಏಕಾಂತ. ಭರಮೀ, ಉಪ್ಪು ಕಡಿಮಿ ಆಗೈತಿ."

"ಅಳೋ ಗದ್ದಲದಾಗ ನೋಡ್ಲಿಲ್ಲವ್ವ" ಎಂದಳು ಭರಮಮ್ಮ, ಕಣ್ಣೊರೆಸಿಕೊಳ್ಳುತ್ತ.

ವಾಣಿಶ್ರೀ ನನ್ನ ಮುಂದೆ ಮಂಜಣ್ಣನ ಫೋನು ಹಿಡಿದಳು. ಅದರಲ್ಲಿ ಅರುಣಕುಮಾರನ ಸ್ಟುಡಿಯೋದ ಸ್ಟೇಟಸ್ಸು. ನಮ್ಮತ್ತೆ ನಗುತ್ತಿದ್ದಳು. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ'. ಮಂಜಣ್ಣ ತನ್ನ ಅಂಗಡಿಯ ಬೋರ್ಡನ್ನು ಅಲ್ಲೇ ಬರೆಸಿದ್ದನಂತೆ, ಅರುಣಕುಮಾರನ ನಂಬರು ಅವನ ಫೋನಿನಲ್ಲಿ ಉಳಿದಿತ್ತಂತೆ.

"ನನಗ ಒಂದು ಫೋನ್ ಮಾಡಬಾರದಾಗಿತ್ತೇನೋ ಮಂಜಣ್ಣ!" ಎಂದೆ.

"ಹದಿನಾಲ್ಕು ಸಲ ಮಾಡೀನಿ ಭಾವಾ! ಎತ್ತಲಿಲ್ಲ ಅಂದ್ರೆ ಎಷ್ಟು ದುಃಖದಲ್ಲಿ ಐದೀರೋ ಅನ್ಕಂಡೆ. ತಾಯಿ ಕಳ್ಕಂಡ ಅಕ್ಕನಿಗೆ ಯಾವ ಬಾಯಿಂದ ಫೋನ್ ಮಾಡ್ಲಿ? ಅದಕ್ಕೆ ಎಲ್ಲ ನೆಂಟರಿಗೂ ಹೇಳಿ, ಭಜನೆಯೋರಿಗೂ ಹೇಳಿ ಬಂದೆ."

ಸ್ಟುಡಿಯೋಕ್ಕೆ ಫೋನು ಹಚ್ಚಿದೆ. ಎಲ್ಲರಿಗೂ ಕೇಳುವಂತೆ ಅರುಣಕುಮಾರ್ ಗದ್ಗದನಾಗಿ ನುಡಿದ: "ಅಣ್ಣಾರ, ಅವರು ಹೋಗಿ ಹದಿನಾರು ವರ್ಷ ಆದ್ರೂ ಅತ್ತಿನ್ನ ನೆನಸಿ ಕಣ್ಣೀರು ಹಾಕೋ ಅಳಿಯನ್ನ ನಾನು ನೋಡಿದ್ದs ಇಲ್ರಿ. ನಾಕು ಮಂದಿ ನೋಡಿ ಕಲೀಲಿ ಅಂತ ಸ್ಟೇಟಸ್ ಇಟ್ಟೀನಿ. ದೀಪ ಎರಡೂ ನನ್ನ ಕಡಿಂದ ಫ್ರೀ ಹಾಕೀನ್ರಿ!"

"ಹದಿನಾರು ವರ್ಷ?" ಎಂದಳು ವಾಣಿಶ್ರೀ. "ಅದನ್ನ ಬಿಚ್ಚರಿ."

ನಲವತ್ತು ಜನರೆದುರು ನನ್ನ ಕೈಯಿಂದಲೇ ಹಗ್ಗ ಬಿಚ್ಚಿದೆ. ಪೇಪರು ಸರಿಯಿತು. ನಡುವೆ ನಮ್ಮತ್ತೆ, ಐದೂ ಹಲ್ಲು ಬಿಟ್ಟು ನಗುತ್ತಿದ್ದಾಳೆ. ಆಚೆ ಈಚೆ ಎರಡು ಉರಿಯುವ ದೀಪ. ಕೆಳಗೆ ತಾವರೆ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: 'ಜನನ: 01-01-1945. ಲಿಂಗೈಕ್ಯ: 01-01-2009.' ಮರೆಗುಳಿ ಕ್ಯಾಮೆರಾ ತನಗೆ ಗೊತ್ತಿದ್ದ ಒಂದೇ ಒಂದು ತಾರೀಖನ್ನು ಪ್ರಾಮಾಣಿಕವಾಗಿ ಹೇಳಿತ್ತು.

"ಸ್ಟೇಟಸ್ಸಿನ್ಯಾಗ ತಾರೀಖು ನೋಡಲಿಲ್ಲೇನೋ?" ಎಂದು ಮಂಜಣ್ಣನನ್ನು ಗದರಿಸಿದೆ.

"ತಾರೀಖು ಯಾರು ನೋಡ್ತಾರೆ ಭಾವಾ? ಮುಖ ನೋಡ್ತಾರೆ" ಎಂದ.

ಭೂಮಿ ಬಾಯಿ ಬಿಟ್ಟಿದ್ದರೆ ಇಳಿದು ಹೋಗುತ್ತಿದ್ದೆ; ಆ ದಿನ ಮಿರ್ಚಿ ಹಿಟ್ಟಿನ ಬೋಗಾಣಿ ಸಿಕ್ಕಿದ್ದರೂ ಸಾಕಿತ್ತು. ವಾಣಿಶ್ರೀಯ ಕಡೆ ನೋಡುವ ಧೈರ್ಯ ಬರಲಿಲ್ಲ. ಅವಳು ಕೇಳಿದ್ದು ಅವ್ವನ ನಗು. ನಾನು ತಂದದ್ದು ಅವ್ವನ ತಿಥಿ. ನಿಜ ಹೇಳುತ್ತೇನೆ, ಆಗ ನನಗೆ ಅಳು ಬಂತು, ಈ ಸಲ ಧೂಳಿನಿಂದಲ್ಲ.

ಅವಳು ಫ್ರೇಮಿನ ಹತ್ತಿರ ಬಂದು ಕೂತಳು. ಅರುಣಕುಮಾರ್ ಫೋಟೋದಿಂದ ಅವಳನ್ನು ತೆಗೆದುಹಾಕಿದ್ದ. ಆದರೆ ಅವ್ವನ ಭುಜದ ಮೇಲಿದ್ದ ಕೈಯನ್ನು ತೆಗೆಯಲು ಅವನಿಂದ ಆಗಿರಲಿಲ್ಲ. ಹಸಿರು ಬಳೆಯ ಒಂದು ಕೈ ಮಾತ್ರ ಅಲ್ಲೇ ಉಳಿದಿತ್ತು. ವಾಣಿಶ್ರೀ ಗಾಜಿನ ಮೇಲೆ ಆ ಕೈಯನ್ನು ಮುಟ್ಟಿದಳು.

"ಇದು ನನ್ನ ಕೈ" ಎಂದಳು. "ಅವ್ವಾ, ನೋಡಬೇ, ಹೆಂಗ ನಕ್ಕಿ ನೀನು."

ಅತ್ತೆ ತಾಟು ಪಕ್ಕಕ್ಕಿಟ್ಟು, ಕೈ ತೊಳೆದುಕೊಂಡು ಬಂದು ಫ್ರೇಮನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬಹಳ ಹೊತ್ತು ನೋಡಿದಳು. ತಾನು ನಗುವುದನ್ನು ಅವಳು ಅದುವರೆಗೆ ಕಂಡಿರಲಿಲ್ಲ.

"ಇಷ್ಟು ಚಂದ ಅದೀನಿ, ಯಾರೂ ಒಂದಿನಾನೂ ಹೇಳಲಿಲ್ಲಲ್ಲ!" ಎಂದಳು. ಆಮೇಲೆ, "ಇದರ ಕೆಳಗ ಏನು ಬರದೈತಿ?"

ನಾನೇ ತಲೆ ತಗ್ಗಿಸಿ ಹೇಳಿದೆ. "ನೀನು... ಹದಿನಾರು ವರ್ಷದ ಹಿಂದ... ಹೋದಿ ಅಂತ. ನಾಳೆನ ಅಳಸಿಸ್ಕೊಂಡು ಬರ್ತೀನಿ ಅತ್ತಿ!"

"ಏ, ಅಳಸಬ್ಯಾಡ!" ಎಂದು ಅತ್ತೆ ಫ್ರೇಮನ್ನು ಎದೆಗೆ ಅವುಚಿಕೊಂಡಳು. ಕಣ್ಣು ಮಿನುಗತೊಡಗಿದವು. "ಇರಲಿ ಬಿಡು. ಹಾಕು ಗೋಡಿಗೆ, ನಿಮ್ಮ ಮಾವನ ಆ ಖಾಲಿ ಮೊಳಿಗೆ. ಯಮ ಬಂದು ಬಾಗಲದಾಗ ನಿಂತ್ರ ಮದ್ಲು ಗೋಡಿ ನೋಡ್ತಾನ. 'ದಾಕ್ಷಾಯಣಿದು ಆಗೈತಿ, ಹದಿನಾರು ವರ್ಷದ ಹಿಂದs ಒಯ್ದೀವಿ' ಅಂತ ಹೊಳ್ಳಿ ಹೋಗ್ತಾನ!"

ಮೊದಲು ನಕ್ಕವಳು ವಾಣಿಶ್ರೀ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಆಮೇಲೆ ಇಡೀ ಮನೆ ನಕ್ಕಿತು. ಸಾವಿನ ಮನೆಯಲ್ಲಿ ಅಷ್ಟು ನಗು ಕೇಳಿ ರಸ್ತೆಯಲ್ಲಿ ಹೋಗುವವರು ಒಳಗೆ ಇಣುಕಿದರು. ಭರಮಮ್ಮ ನನ್ನ ಅಂಗಿ ಜಗ್ಗಿ ಗುಟ್ಟಾಗಿ, "ಏಕಾಂತಪ್ಪ, ನಂದೂ ಒಂದು ತಗದು ಕೊಡಪಾ. ಹಂಗs ಹಳೇ ತಾರೀಖಿಂದು" ಎಂದಳು. ಭಜನಿಯವರು ಮುಜುಗರದಿಂದ ಹಾರ್ಮೋನಿಯಂ ಮುಚ್ಚಿ ಏಳಲು ಹೊರಟರೆ ಅತ್ತೆ ಬಿಡಲಿಲ್ಲ.

"ಕುಂದರ್ರಿ. ಬಂದೀರಿ, ಎರಡು ಪದ ಹಾಡಿ ಹೋಗ್ರಿ. ಖರೇನ ಸತ್ತಾಗ ನನಗ ಕೇಳಂಗಿಲ್ಲ."

ಪದಗಳು ನಡೆದವು. ಉಪ್ಪಿಟ್ಟು ಮುಗಿಯಿತು, ವಾಣಿಶ್ರೀ ಒಲೆ ಹಚ್ಚಿ ಮಿರ್ಚಿ ಕರಿದಳು. ಅತ್ತೆಯ ನಗುವಿನ ಫೋಟೋ ನಲವತ್ತು ವರ್ಷದಿಂದ ಬರಿದಿದ್ದ ಮೊಳೆಯ ಮೇಲೆ ಏರಿತು. ನನಗೆ ನಿಧಾನಕ್ಕೆ ಧೈರ್ಯ ಮರಳಿತು. ಕಾರ್ಡು, ಸೆಲ್ಲು ತಿರುಗಿ ಹಾಕಿ ಕ್ಯಾಮೆರಾ ಹಿಡಿದುಕೊಂಡು ಎದೆ ಸೆಟೆಸಿ ನಿಂತೆ. "ನೋಡಿದ್ರ್ಯಾ? ಎಂಟು ದಿನದಾಗ ಅಂದಿದ್ದೆ, ಆರs ದಿನಕ್ಕ ಮಾಡೀನಿ! ಏಕಾಂತಪ್ಪ ಅಂದ್ರ ಏನಂತ ತಿಳಕೊಂಡೀರಿ?"

ಅತ್ತೆ ನನ್ನನ್ನು ಒಮ್ಮೆ, ಮಂಜಣ್ಣನ ಕೈಯಲ್ಲಿ ಬಾಡುತ್ತಿದ್ದ ಹಾರವನ್ನು ಒಮ್ಮೆ ನೋಡಿದಳು.

"ಲೇ ಮಂಜಾ, ಮಣ್ಣಿಗೆ ಅಂತ ತಂದ ಹಾರ ಹೊಳ್ಳಿ ಒಯ್ಯಬಾರದು. ಇವನಿಗೇ ಹಾಕು. ಬಂದ ಕೂಡಲೇ ಕುತ್ತಿಗಿ ಚಾಚ್ಯಾನಂತಲ್ಲ!"

ಹಾರ ಬಿತ್ತು. ಅತ್ತೆ ಕ್ಯಾಮೆರಾ ಕಸಿದುಕೊಂಡು ಅದರ ಬೆನ್ನಿಗೆ ಲೆಕ್ಕ ಹಾಕಿ ಎರಡು ಪೆಟ್ಟು ಕೊಟ್ಟಳು. 'ಕೊಂಯ್' ಎಂದು ಮೂತಿ ಬಂತು. ಟಕ್! ಎಂಬತ್ತು ವರ್ಷದ ಹೆಂಗಸು ಮೊದಲನೇ ಸಲಕ್ಕೇ ಹೆಬ್ಬೆರಳಿಲ್ಲದ, ಓರೆಯಿಲ್ಲದ, ನೆಟ್ಟನೆಯ ಫೋಟೋ ತೆಗೆದಳು.

"ಇದನ್ನೂ ಫ್ರೇಮ್ ಹಾಕಸು ವಾಣೀ, ತಾರೀಖು ತಿದ್ದಬ್ಯಾಡ. ಇವನ ಕಡೀಗೂ ಯಮ ಬರಬಾರದು. ನಿನಗ ಇವ ಇನ್ನೂ ಬಾಳ ದಿನ ಬೇಕಾಗ್ತಾನ."

ಅಂದಿನಿಂದ ನಮ್ಮ ಪಡಸಾಲೆಯ ಗೋಡೆಯಲ್ಲಿ ಅತ್ತೆಯ ಪಕ್ಕದಲ್ಲಿ ನಾನಿದ್ದೇನೆ. ಕೊರಳಲ್ಲಿ ಚೆಂಡುಹೂವಿನ ಹಾರ, ಮೂಲೆಯಲ್ಲಿ ಎರಡು ಸಾವಿರದ ಒಂಬತ್ತು, ಜನವರಿ ಒಂದು. ತಾಯಿ-ಮಗಳು ಇಬ್ಬರೂ ನಗುವ, ಕತ್ತರಿಸದ ಆ ಓರೆ ಫೋಟೋವನ್ನು ವಾಣಿಶ್ರೀ ಸಣ್ಣದಾಗಿ ಮಾಡಿಸಿ ತನ್ನ ಪರ್ಸಿನಲ್ಲಿಟ್ಟುಕೊಂಡಿದ್ದಾಳೆ. ದಿನಕ್ಕೊಮ್ಮೆ ತೆಗೆದು ನೋಡುವುದನ್ನು ನಾನು ಕದ್ದು ನೋಡಿದ್ದೇನೆ.

ಮೊನ್ನೆ ಹೊಸ ಸಾಲಿಗುರುಗಳೊಬ್ಬರು ಜನಗಣತಿಗೆಂದೋ ಏನೋ ಮನೆಗೆ ಬಂದರು. ನಾನು ಒಳಗೆ ಊಟಕ್ಕೆ ಕೂತಿದ್ದೆ. ಗೋಡೆಯಲ್ಲಿ ಹಾರ ಹಾಕಿಕೊಂಡ ನನ್ನ ಫೋಟೋ ನೋಡಿ ಅವರು ಮೆಲ್ಲಗೆ, "ಇವರು ಯಾರ್ರಿ, ಅಮ್ಮಾ?" ಎಂದು ಕೇಳಿದ್ದು ಕೇಳಿಸಿತು.

ಅತ್ತೆ ದೊಡ್ಡದೊಂದು ನಿಟ್ಟುಸಿರು ಬಿಟ್ಟಳು.

"ನಮ್ಮ ಅಳಿಯಪಾ. ಬಾಳ ಛಲೋ ಮನಷ್ಯಾ ಇದ್ದ... ಕ್ಯಾಮೆರಾ ಕೊಳ್ಳೋತನಕ."